ಬೀಗಿತ್ತಿಯ ಕಾರಿನ ಕಿರುಚಾಟ

ಬೀಗಿತ್ತಿಯ ಕಾರು ಬೀದಿಯ ತಿರುವಿಗೆ ಬಂತೆಂದರೆ ಸಾಕು, ಕ್ಷೌರದಂಗಡಿಯವನು ಗಿರಾಕಿಯ ಗಲ್ಲದಿಂದ ಕತ್ತಿ ಎತ್ತಿ ಹಿಡಿಯುತ್ತಿದ್ದ. ಅಂಥ ಕಿರುಚಾಟ ಅದರ ಬ್ರೇಕಿನದು. ಇಡೀ ಬೀದಿಯಲ್ಲಿ ಅದು ಕೇಳಿಸದಿದ್ದದ್ದು ಒಬ್ಬನೇ ಒಬ್ಬನಿಗೆ, ಅದನ್ನು ರಿಪೇರಿ ಮಾಡಬೇಕಾದ ಮೆಕ್ಯಾನಿಕ್ಕಿಗೆ! ಹಣೆಬರಹ ನೋಡಿ.

ಪೂರ್ತಿ ಕಿವುಡನೇನಲ್ಲ. ಎದುರಿಗೆ ಕೂತು ಆಡಿದ ಮಾತು ಕೇಳುತ್ತದೆ, ಎಂಜಿನ್ನಿನ ಗುಡುಗುಡು ಕೇಳುತ್ತದೆ. ಸೂಜಿಮೊನೆಯಂಥ ಕೀರಲು ಸದ್ದುಗಳು ಮಾತ್ರ ಯಾವಾಗಲೋ ಹೇಳದೆ ಕೇಳದೆ ಕಿವಿಯಿಂದ ಎದ್ದುಹೋಗಿದ್ದವು. ಇದನ್ನು ಅವನು ಹೆಂಡತಿಯ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕಿವಿ ಕೈಕೊಟ್ಟ ಮೆಕ್ಯಾನಿಕ್ಕಿಗೆ ಗಾಡಿ ಕೊಡುವವರು ಯಾರು? ರಿಪೇರಿ ಶೆಡ್ಡಿಗೆ ಬೀಗ ಜಡಿದು ಮನೆಯಲ್ಲಿ ಕೂರಬೇಕಾದೀತು. ಅದರಲ್ಲೂ ವಿಷಯ ಮಗಳ ಅತ್ತೆಯ ಬಾಯಿಗೆ ಬಿದ್ದರೆ ಮುಗಿಯಿತು, ಬೇರೆ ಡಂಗುರವೇ ಬೇಡ.

ಆ ಅತ್ತೆಯೇ ಈಗ ಕಾರಿನಿಂದ ಇಳಿದರು. "ಬೀಗ್ರೇ, ನೀವು ಬ್ರೇಕಿಗೆ ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲಿಗಿಂತ ಜೋರಾಗಿ ಕಿರುಚ್ತಿದೆ. ನಮ್ಮ ಬಳಗಕ್ಕೆಲ್ಲ ನಿಮ್ಮ ಶೆಡ್ಡಿಗೇ ಹೋಗಿ ಅಂತ ಹೇಳಿದೀನಿ. ನನ್ನ ಮರ್ಯಾದೆ ಏನಾಗ್ಬೇಕು?"

ಕಳೆದ ಸಲ ಬಂದಾಗ "ಹೊಸದಲ್ವಾ, ಪಳಗಬೇಕು" ಎಂದು ಸಾಗಹಾಕಿದ್ದ. ಈ ಸಲ ಆ ಆಟ ನಡೆಯುವ ಹಾಗಿರಲಿಲ್ಲ. ಅವರನ್ನು ಶೆಡ್ಡಿನಲ್ಲಿ ಕೂರಿಸಿ ಹಿಂದಿನ ಮನೆಯೊಳಗೆ ಹೋದ.

"ಬಾರೇ, ಕಾರಲ್ಲಿ ಒಂದು ರೌಂಡ್ ಹೋಗಿ ಬರೋಣ."

"ಏನ್ರೀ ಇದು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು ಹೆಂಡತಿ. ಆದರೂ ತಲೆ ಬಾಚಿಕೊಂಡು ಬಂದು ಪಕ್ಕದಲ್ಲಿ ಕೂತಳು.

ಅವನ ಉಪಾಯ ಇಷ್ಟೆ. ಬ್ರೇಕ್ ಒತ್ತುವುದು, ಓರೆಗಣ್ಣಲ್ಲಿ ಅವಳ ಮುಖ ನೋಡುವುದು. ಅವಳು ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ ಸದ್ದು ಬಂತು ಎಂದರ್ಥ. "ಹಾಂ, ಬಂತು ನೋಡು!" ಎನ್ನುತ್ತಿದ್ದ ಗಂಭೀರವಾಗಿ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅನುಮಾನ ಬರದೆ ಇರುತ್ತದೆಯೇ? ಅವನು ಮರದ ನೆರಳಲ್ಲಿ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಅವಳು ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು.

"ಕೇಳ್ತು, ಕೇಳ್ತು! ಈ ಸಲ ಜೋರಾಗೇ ಬಂತು."

"ನಿಂತಿರೋ ಕಾರಲ್ಲಿ ಏನ್ರೀ ಕೇಳ್ತು?"

ಸಿಕ್ಕಿಬಿದ್ದ. ಸ್ಟಿಯರಿಂಗ್ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತ ಎಲ್ಲವನ್ನೂ ಹೇಳಿದ. "ಗೊತ್ತಾದ್ರೆ ಶೆಡ್ ಹೋಗ್ಬಿಡುತ್ತೆ ಕಣೇ. ನನಗೆ ಇದು ಬಿಟ್ರೆ ಬೇರೇನೂ ಬರಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಅಡುಗೆಮನೆಯಿಂದ ಗಂಟಲು ಹರ್ಕೊಂಡು ಕರೆದ್ರೂ ತಿರುಗಿ ನೋಡ್ತಿರಲಿಲ್ಲ ನೀವು. ನನ್ನ ಕಂಡ್ರೆ ಅಸಡ್ಡೆ ಅಂತ ಒಬ್ಬಳೇ ಕೊರಗಿದೀನಿ ಕಣ್ರೀ!"

"ನಿನಗೇ ಸಿಡುಕು ಜಾಸ್ತಿಯಾಗಿದೆ ಅಂದ್ಕೊಂಡಿದ್ದೆ. ಯಾವಾಗ ನೋಡಿದ್ರೂ ಕೂಗಾಡ್ತೀಯ ಅಂತ."

"ಅಯ್ಯೋ ನನ್ನ ಕರ್ಮವೇ!" ಎಂದು ಕಣ್ಣೊರೆಸಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟಳು. "ಈಗ ಓಡ್ಸಿ. ಸದ್ದು ಬಂದಾಗ ಹೆಗಲು ಒತ್ತುತ್ತೀನಿ. ನೀವು ನನ್ನ ಮುಖ ಬಿಟ್ಟು ಮುಂದೆ ನೋಡಿ."

ಮೆಲ್ಲಗೆ ಬ್ರೇಕ್ ಹಿಡಿದರೆ ಅವಳ ಬೆರಳುಗಳು ಒತ್ತುತ್ತಿದ್ದವು. ಗಟ್ಟಿಯಾಗಿ ತುಳಿದರೆ ಸುಮ್ಮನಿರುತ್ತಿದ್ದವು. ಅವನ ಮುಖ ಅರಳಿತು. ಗಟ್ಟಿ ಹಿಡಿದರೆ ಸುಮ್ಮನಾಗುತ್ತದೆ ಎಂದರೆ ಪ್ಯಾಡು ಎಲ್ಲೋ ಅದುರುತ್ತಿದೆ! ಆಮೇಲೆ ಅವಳು ಇಳಿದು, ಮೆಲು ಬ್ರೇಕಿನಲ್ಲಿ ಆಮೆಯಂತೆ ಸಾಗುವ ಕಾರಿನ ಸುತ್ತ ನಡೆದು, ಎಡಗಡೆಯ ಮುಂದಿನ ಚಕ್ರಕ್ಕೆ ಬೆರಳು ತೋರಿಸಿದಳು.

ಶೆಡ್ಡಿಗೆ ತಂದು ಜಾಕ್ ಏರಿಸಿ ಚಕ್ರ ಬಿಚ್ಚಿದರೆ, ಪ್ಯಾಡಿನ ಬೆನ್ನು ಬರಿದಾಗಿತ್ತು. ಅದುರದಂತೆ ಅಲ್ಲಿ ಕೂರಬೇಕಾದ ತೆಳು ತಗಡು ಹಳೆಯ ಪ್ಯಾಡಿಗೆ ಅಂಟಿಕೊಂಡೇ ಗುಜರಿ ಡಬ್ಬ ಸೇರಿತ್ತು. ಕಿವಿ ನೆಟ್ಟಗಿದ್ದಿದ್ದರೆ ಅಂದೇ ಬೀದಿಯ ಕೊನೆ ಮುಟ್ಟುವುದರೊಳಗೆ ತಪ್ಪು ತಿಳಿಯುತ್ತಿತ್ತು. ತಗಡನ್ನು ಹುಡುಕಿ ತೆಗೆದು ಉಜ್ಜಿ, ಬ್ರೇಕಿನ ಗ್ರೀಸು ತೆಳುವಾಗಿ ಸವರಿ ಕೂರಿಸಿದ. ಪ್ಯಾಡಿನ ಚೂಪು ಅಂಚನ್ನೂ ಅರದಿಂದ ಉಜ್ಜಿದ.

ಕೊನೆಯ ಪರೀಕ್ಷೆಗೆ ಹೆಂಡತಿ ಮತ್ತೆ ಪಕ್ಕದಲ್ಲಿ, ಬೀಗಿತ್ತಿ ಹಿಂದಿನ ಸೀಟಿನಲ್ಲಿ ಕೂತರು. ತಿರುವಿನಲ್ಲಿ ಮೆಲ್ಲಗೆ ಬ್ರೇಕ್ ಹಿಡಿದ. ಹೆಗಲ ಮೇಲಿನ ಬೆರಳು ಮಿಸುಕಲಿಲ್ಲ.

"ಅರೆ, ನಿಂತೇಹೋಯ್ತಲ್ಲ! ಇನ್ಮೇಲೆ ನಾನು ಮನೆಗೆ ಬಂದಿದ್ದು ಸೊಸೆಗೆ ಹೇಗೆ ಗೊತ್ತಾಗ್ಬೇಕು?" ಎಂದು ನಕ್ಕರು ಬೀಗಿತ್ತಿ. "ಏನಾಗಿತ್ತು ಬೀಗ್ರೇ?"

ಪ್ಯಾಡೇ ಸರಿಯಿರಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನು ಕಾರನ್ನು ಪಕ್ಕಕ್ಕೆ ಹಾಕಿದ.

"ತಪ್ಪು ನಂದೇ. ಒಂದು ತಗಡು ಹಾಕೋದು ಮರೆತಿದ್ದೆ. ಆ ಕಿರುಚಾಟ ನನಗೆ ಕೇಳಿಸ್ಲೇ ಇಲ್ಲ. ಕೀರಲು ಸದ್ದು ನನ್ನ ಕಿವಿಗೆ ಬೀಳಲ್ಲ ಬೀಗ್ರೇ. ಇವತ್ತು ಹುಡುಕಿದ್ದು ಇವಳು."

ಬೀಗಿತ್ತಿ ಮುಂದಕ್ಕೆ ಬಾಗಿದರು. "ಹಾಗಾದ್ರೆ ಮದುವೆ ಮಾತುಕತೆ ದಿನ ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದ್ರಲ್ಲ?"

"ಆ ಗದ್ದಲದಲ್ಲಿ ಅರ್ಧ ಕೇಳಿಸಿರ್ಲಿಲ್ಲ."

"ಎಂಥಾ ಸಾಧು ಬೀಗರು ಸಿಕ್ಕಿದ್ರು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆನಲ್ರೀ!" ಬೀಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರಲಿ, ಇನ್ಮೇಲೆ ಇದನ್ನ ಹೇಳ್ತೀನಿ. ಆ ಶೆಡ್ಡಲ್ಲಿ ಗಾಡಿ ಕೊಟ್ರೆ ಇಬ್ಬರು ನೋಡ್ತಾರೆ, ತಪ್ಪಾದ್ರೆ ತಪ್ಪು ಅಂತಾರೆ ಅಂತ."

ವಾಪಸು ಬರುವಾಗಲೂ ಹೆಂಡತಿಯ ಕೈ ಹೆಗಲ ಮೇಲೇ ಇತ್ತು.

"ಸದ್ದು ನಿಂತಿತಲ್ಲೇ," ಎಂದ.

"ಗೊತ್ತು. ಮುಂದೆ ನೋಡಿ ಓಡ್ಸಿ," ಎಂದಳು, ಕೂಗದೆ, ಅವನ ಕಿವಿಯ ಹತ್ತಿರ ಬಾಗಿ.