ಕಪಾಟಿನೊಳಗಿನ ಕೂಸು

ಗೊಂಬೆಯ ಹಣೆಗೆ ಕುಂಕುಮ ಹಚ್ಚಿದ್ದರು. ಅದನ್ನು ಕಂಡದ್ದೇ ದೇವಿಕಾಳ ಪಿತ್ತ ನೆತ್ತಿಗೇರಿತು.

ಶಹಾಪುರದ ಆ ತರಬೇತಿ ಹಾಲಿನ ಮೂಲೆಯಲ್ಲೊಂದು ಗಾಜಿನ ಕಪಾಟು. ಅದರೊಳಗೆ ಆಗತಾನೇ ಹುಟ್ಟಿದ ಕೂಸಿನಷ್ಟು ದೊಡ್ಡ ರಬ್ಬರಿನ ಗೊಂಬೆ. ಹುಟ್ಟಿದರೂ ಅಳದ ಮಗುವಿಗೆ ಉಸಿರು ಕೊಡುವುದನ್ನು ಹಳ್ಳಿಯ ನರ್ಸುಗಳು ಕೈಯಾರೆ ಮಾಡಿ ಕಲಿಯಲಿ ಎಂದು ಬಂದದ್ದು. ಬಂದ ವರ್ಷವೇ ಆಯುಧಪೂಜೆಯಲ್ಲಿ ಜೀಪಿನ ಜೊತೆ ಅದಕ್ಕೂ ಪೂಜೆ ಆಯಿತು. ಚೆಂಡುಹೂವಿನ ಹಾರ ಹಾಕಿ, ತಲೆಯ ಕೆಳಗೊಂದು ಪುಟ್ಟ ದಿಂಬಿಟ್ಟು, ಮೇಲಿನ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಅದರ ಮೇಲೆಯೇ ಹಣೆಗೆ ಕುಂಕುಮ ಹಚ್ಚಿ ಒಳಗಿಟ್ಟು ಕೀಲಿ ಜಡಿದರು. ಹೂವು ಒಣಗಿ ಪುಡಿಯಾದರೂ ಕೀಲಿ ಗಟ್ಟಿಯಾಗಿಯೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿಯ ಪೂಜಾರಿ ಸ್ಟೋರು ನೋಡಿಕೊಳ್ಳುವ ಹಂಪಣ್ಣ. ಪೂಜೆಗಿಟ್ಟದ್ದನ್ನು ಕಂಡಕಂಡವರು ಮುಟ್ಟಬಾರದು, ಹರಿದರೆ ಮೇಲಿನವರಿಗೆ ನಾನೇನು ತೋರಿಸಲಿ ಎಂಬುದು ಅವನ ವಾದ. ಕೆಟ್ಟ ಮನುಷ್ಯನಲ್ಲ. ಆದರೆ ಕೆಟ್ಟವರಿಂದ ಆಗುವಷ್ಟೇ ಅನಾಹುತ ಇಂಥವರಿಂದಲೂ ಆಗುತ್ತದೆ.

ದೇವಿಕಾ ಗೋಗಿ ಊರಿನ ಆಚೆಗಿನ ಒಂದು ಸಣ್ಣ ಹಳ್ಳಿಯ ನರ್ಸು. ಹೋದ ತಿಂಗಳು ಅಲ್ಲಿಯ ಗೊಲ್ಲಾಳಮ್ಮನ ಹಿರಿಯ ಸೊಸೆಗೆ, ದವಾಖಾನೆಗೆ ಕರೆದೊಯ್ಯುವಾಗ ಕಾಲುವೆ ರಸ್ತೆಯಲ್ಲಿ ಟಂಟಂ ಆಟೋದೊಳಗೇ ಹೆರಿಗೆಯಾಯಿತು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ದೇವಿಕಾಳ ಚೀಲದಲ್ಲಿ ಉಸಿರು ಕೊಡುವ ರಬ್ಬರ್ ಚೀಲವೂ ಇತ್ತು, ಮುಖಕ್ಕಿಡುವ ಮಾಸ್ಕೂ ಇತ್ತು. ಆದರೆ ಅದನ್ನು ಬಳಸುವುದನ್ನು ಅವಳು ನೋಡಿದ್ದು ಹಿಂದಿನ ತರಬೇತಿಯಲ್ಲಿ ಗೋಡೆಯ ಮೇಲೆ ತೋರಿಸಿದ ಚಿತ್ರದಲ್ಲಿ ಮಾತ್ರ. ಗೊಲ್ಲಾಳಮ್ಮ ಅಳುತ್ತಲೇ ಒಂದು ಹಳೆಯ ಸೀರೆಯ ತುಂಡನ್ನು ಮೆತ್ತಗೆ ಮಡಚಿ, ತಲೆ ನೋಯದಿರಲಿ ಎಂದು ಕೂಸಿನ ತಲೆಯ ಕೆಳಗಿಟ್ಟಳು. ಆ ಕಡೆಯ ಮುದುಕಿಯರೆಲ್ಲ ಹಾಗೆಯೇ ಇಡುವವರು. ದೇವಿಕಾ ಮಾಸ್ಕನ್ನು ಒತ್ತಿ ಹಿಡಿದಳು, ಚೀಲ ಹಿಂಡಿದಳು. ಗಾಳಿ ಕೆನ್ನೆಯ ಪಕ್ಕದಿಂದ ಬುಸ್ಸೆಂದು ಹೊರಗೇ ಹೋಯಿತು, ಎದೆ ಏಳಲಿಲ್ಲ. ಶಹಾಪುರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಅದೇ ಮನೆಯ ಕಿರಿಯ ಸೊಸೆಗೆ ದಿನ ತುಂಬಿವೆ. ಇವತ್ತೋ ನಾಳೆಯೋ. ಅದಕ್ಕೇ ದೇವಿಕಾ ಈ ತರಬೇತಿಗೆ ಎದ್ದುಬಿದ್ದು ಓಡಿ ಬಂದಿದ್ದಳು.

ಇಲ್ಲಿ ಮಾಡಿದ್ದೇನು? ಡಾಕ್ಟರ್ ಶಿವರಾಜ ಮಧ್ಯಾಹ್ನದವರೆಗೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಓಡಿಸಿದರು. ಆಮೇಲೆ ಮಂಡಕ್ಕಿ ಸುಸಲಾ, ಮಿರ್ಚಿ, ಚಹಾ. ಇನ್ನು ಬ್ಯಾನರಿನ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರೆ ಆಯಿತು, ಮನೆಗೆ ಹೋಗಬಹುದು. ಆ ಫೋಟೋ ಮೇಲಿನವರ ಮೊಬೈಲಿಗೆ ಹೋಗಿ ಬೀಳದಿದ್ದರೆ ತರಬೇತಿ ನಡೆದ ಲೆಕ್ಕವೇ ಅಲ್ಲ. ಕಲಿತರೋ ಬಿಟ್ಟರೋ, ಯಾರಿಗೆ ಬೇಕಾಗಿದೆ?

ಸಾಲಾಗಿ ನಿಲ್ಲಿರಿ ಎಂದು ಹಂಪಣ್ಣ ಕೂಗಿದ. ದೇವಿಕಾ ಎದ್ದವಳು ಬ್ಯಾನರಿನ ಕಡೆ ಹೋಗದೆ ಕಪಾಟಿನ ಮುಂದೆ ಹೋಗಿ ನಿಂತಳು.

“ಇದನ್ನ ತೆಗಿಯೂತನಕ ನಾ ಫೋಟೋಕ ನಿಂದ್ರಂಗಿಲ್ರಿ.”

ಹೊತ್ತಾಗಿದೆ, ಮುಂದಿನ ಸಲ ನೋಡೋಣ ಎಂದರು ಡಾಕ್ಟರು. ಮುಂದಿನ ಸಲದವರೆಗೆ ನಮ್ಮೂರ ಬಸುರಿಯರು ಹೆರದೆ ತಡೆದುಕೊಂಡಿರುತ್ತಾರೆಯೇ ಎಂದು ದೇವಿಕಾ ಕೇಳಿದಳು. ಯಾರೋ ಕಿಸಕ್ಕೆಂದರು. ಆದರೆ ಎದ್ದು ನಿಂತಿದ್ದ ಖಾಜಾಬೀ ಎಂಬ ಹಿರಿಯ ನರ್ಸು ತನ್ನ ಕುರ್ಚಿಯಲ್ಲಿ ಮತ್ತೆ ಕುಳಿತಳು. ಅವಳ ಹಿಂದೆ ಉಳಿದವರೂ ಕುಳಿತರು. ಬ್ಯಾನರಿನ ಮುಂದೆ ಹಂಪಣ್ಣನೊಬ್ಬನೇ ಉಳಿದ. ಒಬ್ಬನ ಫೋಟೋ ತೆಗೆದು ಯಾರಿಗೆ ಕಳಿಸುವುದು? ಅವನು ಗೊಣಗುತ್ತ ಕೀಲಿ ತೆಗೆದ.

ಕವರನ್ನು ದೇವಿಕಾಳೇ ಹರಿದಳು. ಡಾಕ್ಟರು ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ತಲೆಯ ಕೆಳಗಿನ ದಿಂಬನ್ನು ಎಳೆದು ಬದಿಗೆಸೆದರು. ತಮ್ಮ ಕರವಸ್ತ್ರವನ್ನು ಮಡಚಿ ಹೆಗಲ ಕೆಳಗಿಟ್ಟರು. ತಲೆಯ ಕೆಳಗೆ ಏನಾದರೂ ಇಟ್ಟರೆ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಮುಚ್ಚುತ್ತದೆ, ಆಮೇಲೆ ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗದು ಎಂದು ಹೇಳಿ ಚೀಲ ಹಿಂಡಿದರು. ಗೊಂಬೆಯ ಎದೆ ಮೆಲ್ಲಗೆ ಎದ್ದಿತು, ಇಳಿಯಿತು. ಇಷ್ಟನ್ನು ಕಲಿಸುವಷ್ಟರಲ್ಲಿ ಲೋಟದಲ್ಲಿದ್ದ ಚಹಾ ಕೂಡ ಆರಿರಲಿಲ್ಲ.

ದೇವಿಕಾಳ ಕಣ್ಣು ಆ ದಿಂಬಿನ ಮೇಲೆಯೇ ನಟ್ಟಿತ್ತು. ಆ ಸೀರೆಯ ಮಡಿಕೆಯನ್ನು ನಾಲ್ಕು ಬೆರಳು ಕೆಳಗೆ ಸರಿಸಿದ್ದರೆ ಸಾಕಿತ್ತು.

“ಇಷ್ಟ ಏನ್ರಿ ಸರ್?” ಎಂದಳು. “ಇದು ನಿಮಗ ಗೊತ್ತಿತ್ತು. ಗೊಂಬಿನೂ ಇಲ್ಲೇ ಇತ್ತು. ಒಂದು ಕೂಸು ಹೋತಲ್ರಿ.”

ಡಾಕ್ಟರು ಹಂಪಣ್ಣನನ್ನು ನೋಡಿದರು. ಹಂಪಣ್ಣ ನೆಲ ನೋಡಿದ. ದೇವಿಕಾ ಅವರಿಬ್ಬರ ಕಡೆಗೂ ತಿರುಗದೆ ಉಸಿರಿನ ಚೀಲ ಕೈಗೆತ್ತಿಕೊಂಡಳು. ಕೈಗೆ ರೂಢಿಯಾಗುವವರೆಗೆ ಬಿಡಲಿಲ್ಲ. ಆಮೇಲೆ ಖಾಜಾಬೀ, ಅವಳ ಹಿಂದೆ ಎಲ್ಲರೂ. ಫೋಟೋ ಮರೆತೇ ಹೋಯಿತು.

ಊರಿಗೆ ಬಂದವಳು ಸೀದಾ ಗೊಲ್ಲಾಳಮ್ಮನ ಮನೆಗೆ ಹೋದಳು. ಸೊಸೆಗೆ ನೋವು ಇನ್ನೂ ಬಂದಿರಲಿಲ್ಲ. ಮುದುಕಿ ಕಟ್ಟೆಯ ಮೇಲೆ ಕುಳಿತು ಹಳೆಯ ಸೀರೆ ಹರಿದು ಒಗೆದು ಒಣಗಿಸಿದ ತುಂಡುಗಳನ್ನು ಮಡಚುತ್ತಿದ್ದಳು.

“ಆಯಿ, ಈ ಸಲ ಅರಿವಿ ನಾ ಇಡ್ತೀನಿ. ನೀ ತಲಿ ಕೆಳಗ ಇಡಬ್ಯಾಡ.”

ಯಾಕೆಂದು ಕೇಳಿದಾಗ, ಇವತ್ತು ಶಹಾಪುರದಲ್ಲಿ ಹೀಗೆ ಕಲಿಸಿದರು ಎಂದು ದೇವಿಕಾ ಹೆಗಲ ಕೆಳಗೆ ಇಡುವುದನ್ನು ತೋರಿಸಿದಳು. ಮುದುಕಿಯ ಕೈ ನಿಂತಿತು. ಅವಳು ಓದು ಬರಹ ಕಲಿತವಳಲ್ಲ, ದಡ್ಡಿಯೂ ಅಲ್ಲ.

“ಹೋದ ತಿಂಗಳ ಇದು ಇರಲಿಲ್ಲೇನವ್ವ?”

ಇರಲಿಲ್ಲ ಎಂಬ ಮಾತು ದೇವಿಕಾಳ ನಾಲಿಗೆಯ ತುದಿಗೇ ಬಂದಿತ್ತು. ಹಾಗೆಂದರೆ ಮುದುಕಿಯ ಜೀವಕ್ಕೆ ಸಮಾಧಾನ. ಆದರೆ ಆ ಸುಳ್ಳು ಹಂಪಣ್ಣನನ್ನೂ ಡಾಕ್ಟರನ್ನೂ ಕಾಪಾಡುತ್ತಿತ್ತು.

“ಇತ್ತು ಆಯಿ. ಇದನ್ನ ಕಲಿಸೂ ಗೊಂಬಿಗೆ ಪೂಜಿ ಮಾಡಿ ಕೀಲಿ ಹಾಕಿ ಇಟ್ಟಿದ್ರು. ತಪ್ಪು ನಿಂದಲ್ಲ.”

ಗೊಲ್ಲಾಳಮ್ಮ ಕೈಯಲ್ಲಿದ್ದ ಮಡಿಕೆಯನ್ನು ಬಿಚ್ಚಿ, ಕೊಡವಿ, ದೇವಿಕಾಳ ಮಡಿಲಿಗೆ ಹಾಕಿದಳು.

“ಕೀಲಿ ಹಾಕಿದವರ ಹೆಸರ ಹೇಳು,” ಎಂದಳು.