ಶನಿವಾರದ ಬ್ಯಾಂಡು

"ಕೇಳಿದ್ರೆ ಹೂಂ ಅಂದ್ಬಿಡಮ್ಮ, ಅಷ್ಟು ಸಾಕು," ಎಂದು ಅಶ್ವತ್ಥ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದ. ಮೈಮೇಲೆ ಗಿಟಾರುಗಳ ಚಿತ್ರವಿದ್ದ ಪೈಜಾಮ. ನಲವತ್ತು ದಾಟಿದ, ಹೊಟ್ಟೆ ಬಂದ ಗಂಡಸು ಇಂಥ ವೇಷದಲ್ಲಿ ಅತಿಥಿಗಳ ಮುಂದೆ ಓಡಾಡುವುದು ನಾಚಿಕೆಗೇಡು ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಕೆಳಗೆ ಹಾಲ್‌ನಲ್ಲಿ ಆಫೀಸಿನವರು ನಾಲ್ಕಾರು ಜನ ಅಂಥದೇ ಬಟ್ಟೆ ತೊಟ್ಟು, ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ, ಬಟ್ಟಲಲ್ಲಿ ಹಾಲಿಗೆ ಹಾಕಿದ ಬಣ್ಣಬಣ್ಣದ ಸೀರಿಯಲ್ ಅಗಿಯುತ್ತಾ ಹಳೇ ಕಾರ್ಟೂನು ನೋಡುತ್ತಿದ್ದರು.

ಮೈಸೂರಿನಿಂದ ಹೋದ ತಿಂಗಳಷ್ಟೇ ಮಗನ ಪರದೇಶದ ಮನೆಗೆ ಬಂದಿದ್ದ ವಸಂತಲಕ್ಷ್ಮಿ ಸೀರೆಯ ಮೇಲೆ ಸ್ವೆಟರ್ ತೊಟ್ಟು ಮಂಚದ ಮೇಲೆ ಕೂತಿದ್ದರು. "ಏನಂತ ಹೂಂ ಅನ್ಬೇಕು?"

"ನಾನು ಚಿಕ್ಕೋನಿದ್ದಾಗ ಶನಿವಾರ ಬೆಳಗ್ಗೆ ಈ ಕಾರ್ಟೂನ್ ನೋಡ್ತಿದ್ದೆ ಅಂತ."

"ಶನಿವಾರ ಬೆಳಗ್ಗೆ ಸ್ಕೂಲಿರ್ತಿತ್ತಲ್ಲೋ!"

"ಅದು ಇವರಿಗೇನಮ್ಮ ಗೊತ್ತು?"

"ಸರಿ. ಆಗ ನಾನೆಲ್ಲಿದ್ದೆ ಅಂತ ಹೇಳಿದೀಯ?"

ಅಶ್ವತ್ಥ ಕತ್ತು ಕೆರೆದುಕೊಂಡ. "ಅಡುಗೆಮನೇಲಿ. ನೀನು ಪ್ಯಾನ್‌ಕೇಕ್ ಮಾಡ್ಕೊಡ್ತಿದ್ದೆ ಅಂತ."

"ಓಹೋ," ಎಂದರು ವಸಂತಲಕ್ಷ್ಮಿ. ನಿವೃತ್ತರಾಗುವವರೆಗೂ ಸಂಗೀತದ ಟೀಚರಾಗಿದ್ದವರು ಅವರು. ಶನಿವಾರ ಬಂತೆಂದರೆ ನಸುಕಿನಲ್ಲೇ ಎದ್ದು, ಮಗನ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿ, ಅವನನ್ನೂ ಕರೆದುಕೊಂಡು ಶಾಲೆಗೆ ಹೋಗುತ್ತಿದ್ದರು. ಅಂಥವರನ್ನು ಮಗ ಒಂದೇ ಮಾತಿನಲ್ಲಿ ಅಡುಗೆಮನೆಗೆ ಅಟ್ಟಿಬಿಟ್ಟಿದ್ದ. ಅವರಿಗೆ ಪ್ಯಾನ್‌ಕೇಕ್ ಎಂದರೆ ಏನೆಂದು ಗೊತ್ತಾದದ್ದು ನ್ಯೂಕ್ಯಾಸಲ್‌ನ ಈ ಮನೆಗೆ ಬಂದ ಮೇಲೆ.

ಇದೆಲ್ಲ ಶುರುವಾದದ್ದು ಆಫೀಸಿನ ಊಟದ ಮೇಜಿನಲ್ಲಿ. ಅಲ್ಲಿ ಅಶ್ವತ್ಥನಿಗಿಂತ ಮೇಲಿನ ಹುದ್ದೆಯಲ್ಲಿದ್ದ ಸಂಜಯ್ ಇಲ್ಲೇ ಪಕ್ಕದ ಊರು ಶೋರ್‌ಲೈನ್‌ನಲ್ಲಿ ಹುಟ್ಟಿದವನು. ಅವನ ಅಪ್ಪ ಬಹಳ ಹಿಂದೆಯೇ ವಿಮಾನದ ಕಾರ್ಖಾನೆಗೆ ಬಂದ ಕನ್ನಡದ ಎಂಜಿನಿಯರು. ಒಂದು ದಿನ ಸಂಜಯ್ ತನ್ನ ಬಾಲ್ಯದ ಶನಿವಾರಗಳನ್ನು ನೆನೆಸಿಕೊಂಡ. ಕರಡಿ, ನರಿ, ಬಾತು ಸೇರಿ ಬ್ಯಾಂಡು ಕಟ್ಟಿಕೊಂಡು ಊರೂರು ಅಲೆಯುವ ಕಾರ್ಟೂನಿನ ಹಾಡನ್ನು ಮೇಜು ಕುಟ್ಟಿ ಹಾಡಿದ. ಮೇಜಿನಲ್ಲಿದ್ದವರೆಲ್ಲ ದನಿಗೂಡಿಸಿದರು. ಸುಮ್ಮನೆ ಕೂತರೆ ತಾನೊಬ್ಬನೇ ಪರದೇಶಿಯಾಗುತ್ತೇನೆಂದು ಹೆದರಿದ ಅಶ್ವತ್ಥ, "ಅಯ್ಯೋ, ನಮ್ಮೂರಲ್ಲೂ ಬರ್ತಿತ್ತು, ನನಗೂ ಅದೆಂದರೆ ಪ್ರಾಣ," ಎಂದುಬಿಟ್ಟ.

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕಾದವು. ಆ ಕಾರ್ಟೂನಿನ ಕಂತುಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದ. ಹಾಡುಗಳನ್ನು ಮಗ್ಗಿ ಉರುಹೊಡೆದಂತೆ ಉರುಹೊಡೆದ. ಪೈಜಾಮ ಪಾರ್ಟಿಯೂ ಅವನದೇ ತಲೆಯಿಂದ ಬಂದದ್ದು. ಸಂಜಯ್‌ನ ಹಳಹಳಿಕೆ ಬಾಲಿಶವೇ ಇರಬಹುದು, ಆದರೆ ಅವನ ಸ್ವಂತದ್ದು. ಇವನದು ಶುದ್ಧ ಎಂಜಲು. ಅದನ್ನೇ ಬೆಳ್ಳಿ ತಟ್ಟೆಯಲ್ಲಿಟ್ಟು ಊರಿಗೆಲ್ಲ ಹಂಚಲು ಹೊರಟಿದ್ದ.

ಅಮ್ಮನನ್ನು ಮೇಲೇ ಕೂರಿಸಿಬಿಡುವುದು ಅವನ ಲೆಕ್ಕವಾಗಿತ್ತು. ಆದರೆ ಸಂಜಯ್ ಬಂದವನೇ, "ಆಂಟಿ ಎಲ್ಲಿ? ಅವರನ್ನು ಮಾತಾಡಿಸದೆ ನಾನು ಹೋಗಲ್ಲ," ಎಂದು ಪಟ್ಟು ಹಿಡಿದಿದ್ದ. ಇಲ್ಲಿ ಅಮ್ಮ ಬಾಯಿ ಬಿಟ್ಟರೆ ಸೋಮವಾರ ಆಫೀಸಿನಲ್ಲಿ ಮುಖ ತೋರಿಸುವಂತಿರಲಿಲ್ಲ.

ವಸಂತಲಕ್ಷ್ಮಿ ಸೆರಗು ಸರಿಮಾಡಿಕೊಂಡು ಕೆಳಗಿಳಿದರು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ ಸೊಸೆ ಜಾನಕಿ, ಹಿಂದೆಯೇ ಬಂದ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ರೀ, ನಿಮ್ಮ ಬಾಲ್ಯ ಇನ್ನೂ ಎಷ್ಟು ಎಪಿಸೋಡ್ ಬಾಕಿ ಇದೆ?" ಎಂದಳು. ಅವಳೂ ಮೈಸೂರಿನವಳೇ. ಶನಿವಾರದ ಬೆಳಗಿನ ಶಾಲೆ, ಬಿಳಿ ಯೂನಿಫಾರ್ಮು, ಮೈದಾನದ ಡ್ರಿಲ್ಲು ಅವಳಿಗೂ ಗೊತ್ತಿದ್ದದ್ದೇ.

ಸಂಜಯ್ ಎದ್ದು ಕೈಮುಗಿದ. ತನಗೆ ಬರುತ್ತಿದ್ದ ಹರಕುಮುರುಕು ಕನ್ನಡದಲ್ಲೇ ಕೇಳಿದ. "ಆಂಟಿ, ಇವನು ಶನಿವಾರ ಬೆಳಗ್ಗೆ ತುಂಬಾ ಟಿವಿ ನೋಡ್ತಿದ್ದನಾ?"

ಅಶ್ವತ್ಥ ಅಮ್ಮನ ಮುಖವನ್ನೇ ನೋಡಿದ. ಟಿವಿಯ ರಿಮೋಟು ಕೈಗೆತ್ತಿಕೊಂಡ.

ವಸಂತಲಕ್ಷ್ಮಿ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಉತ್ತರಿಸಿದರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥ, ಬಿಡಿಸಿ ಬಿಡಿಸಿ ಆಡಿದ ಇಂಗ್ಲಿಷು. "ನನಗೆ ಗೊತ್ತಿಲ್ಲ. ಶನಿವಾರ ಬೆಳಗ್ಗೆ ನಾನು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಶಾಲೆಯಲ್ಲಿ ನನ್ನದೊಂದು ಬ್ಯಾಂಡು ಇತ್ತು."

"ಬ್ಯಾಂಡಾ? ನಿಜವಾದ ಬ್ಯಾಂಡಾ?" ಯಾರೋ ಬಟ್ಟಲು ಕೆಳಗಿಟ್ಟರು.

"ಎರಡು ಕೊಳಲು, ಒಂದು ಬ್ಯೂಗಲ್, ಒಂದು ಸೈಡ್ ಡ್ರಮ್ಮು. ಡ್ರಮ್ಮಿನ ಚರ್ಮ ಹರಿದಿತ್ತು, ಒಳಗಿಂದ ತೇಪೆ ಹಾಕಿಸಿದ್ದೆ. ಅದನ್ನು ಒಬ್ಬ ಹುಡುಗ ಬಾರಿಸುತ್ತಿದ್ದ. ಪೀಚಲು ಹುಡುಗ, ಡ್ರಮ್ಮು ಅವನ ಮೊಣಕಾಲಿಗೆ ಬಡಿಯುತ್ತಿತ್ತು. ಆದರೆ ಅವನ ಕೋಲು ಬಿದ್ದರೆ ಇಡೀ ಮೈದಾನದ ಮಕ್ಕಳು ಒಟ್ಟಿಗೆ ಹೆಜ್ಜೆ ಎತ್ತುತ್ತಿದ್ದರು. ಕೆಟ್ಟ ತುಂಟರೂ ತಪ್ಪುತ್ತಿರಲಿಲ್ಲ. ಅಂಥ ಕೈ ನಾನು ಮತ್ತೆ ನೋಡಲಿಲ್ಲ."

ಕಾರ್ಟೂನಿನ ಕಡೆ ಯಾರ ಗಮನವೂ ಇರಲಿಲ್ಲ. ವರ್ಷಗಟ್ಟಲೆ ಯಾವ ನೋಟಕ್ಕಾಗಿ ಅಶ್ವತ್ಥ ಇವರ ಮುಂದೆ ಕುಣಿದಿದ್ದನೋ ಆ ನೋಟ ಈಗ ಎಲ್ಲರ ಕಣ್ಣಲ್ಲೂ ಇತ್ತು, ಅದೂ ಆ ಪೀಚಲು ಹುಡುಗನಿಗಾಗಿ. 'ಅದು ನಾನೇ' ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತಾಡಿದರೆ ಈ ಪೈಜಾಮ, ಆ ಪ್ಯಾನ್‌ಕೇಕು, ಉರುಹೊಡೆದ ಹಾಡುಗಳು, ಎಲ್ಲ ಬಟಾಬಯಲಾಗುತ್ತಿದ್ದವು.

"ಆ ಹುಡುಗ ಈಗ ಎಲ್ಲಿದ್ದಾನೆ, ಆಂಟಿ?" ಎಂದ ಸಂಜಯ್.

ವಸಂತಲಕ್ಷ್ಮಿ ಮಗನ ಕಡೆ ತಿರುಗಿದರು. ಕನ್ನಡದಲ್ಲಿ, ಮೆಲ್ಲಗೆ ಕೇಳಿದರು. "ಎಲ್ಲಿದಾನೋ, ಅಶ್ವತ್ಥ? ನಿಂಗೇನಾದ್ರೂ ಗೊತ್ತಾ?"

ಅವರು ಕಾದರು. ಪಾಠ ಒಪ್ಪಿಸದ ಹುಡುಗನಿಗೆ ಕಾಯುವ ಹಾಗೆ, ಸಿಟ್ಟಿಲ್ಲದೆ, ಬೇಕಾದಷ್ಟು ಹೊತ್ತು ಕಾದರು. ಕಟ್ಟೆಯ ಬಳಿ ಜಾನಕಿಯೂ ಗಂಡನನ್ನೇ ನೋಡುತ್ತಿದ್ದಳು.

"ನಂಗೆ ಹೇಗಮ್ಮ ಗೊತ್ತಾಗುತ್ತೆ?" ಎಂದ ಅಶ್ವತ್ಥ. ಆಮೇಲೆ ಎಲ್ಲರತ್ತ ತಿರುಗಿ, ಇಂಗ್ಲಿಷಿನಲ್ಲಿ, "ಮುಂದಿನದರಲ್ಲಿ ಕರಡಿ ಹಾಡೋ ಹಾಡಿದೆ, ಹಾಕಲಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದ.

ಜಾನಕಿ ಮುಖ ತಿರುಗಿಸಿ ನಲ್ಲಿ ಬಿಟ್ಟಳು. ಸಂಜಯ್ ಸೋಫಾದ ಮೇಲಿದ್ದ ದಿಂಬು ಸರಿಸಿ ಜಾಗ ಮಾಡಿದ. "ಕೂತ್ಕೊಳಿ ಆಂಟಿ. ಆ ಡ್ರಮ್ ಹುಡುಗನ ವಿಷಯ ಇನ್ನೂ ಹೇಳಿ." ಮಿಕ್ಕವರೂ ಟಿವಿಗೆ ಬೆನ್ನು ಮಾಡಿ, ಕಾರ್ಪೆಟ್ಟಿನ ಮೇಲೆ ಅವರ ಸುತ್ತ ಜರುಗಿ ಕೂತರು.

"ಅಶ್ವತ್ಥ," ಎಂದ ಸಂಜಯ್, ಹಿಂತಿರುಗಿ ನೋಡದೆ. "ಸ್ವಲ್ಪ ಸೌಂಡ್ ನಿಲ್ಲಿಸ್ತೀಯಾ? ಆಂಟಿ ಹೇಳೋದು ಕೇಳಿಸ್ತಿಲ್ಲ."

ಅಶ್ವತ್ಥ ಸೌಂಡ್ ನಿಲ್ಲಿಸಿದ. ಪರದೆಯ ಮೇಲೆ ಕರಡಿ ಸದ್ದಿಲ್ಲದೆ ಬಾಯಿ ಆಡಿಸುತ್ತಿತ್ತು.