ಅಳದ ಕೂಸುಗಳು

"ಏ ರಂಡೆ, ಕಸದ ಸಾಲು ಬಿಟ್ಟು ಎಲ್ಲಿಗಿ ಹೊಂಟಿ? ನಿಮ್ಮಪ್ಪ ಬಂದು ಮುಗಸ್ತಾನೇನು?"

ಆಳುಗಳ ಮುಕಾದಮ ಕಲ್ಯಾಣಪ್ಪನ ಕೂಗಿಗೆ ಗಂಗುಬಾಯಿ ಬೇವಿನ ಮರದತ್ತ ಇಟ್ಟ ಹೆಜ್ಜೆ ಹಿಂದಕ್ಕೆಳೆದಳು. ಎದೆ ಕಲ್ಲಾಗಿತ್ತು, ಹಾಲು ಸೋರಿ ಕುಪ್ಪಸ ತೋಯ್ದಿತ್ತು. ಹೊತ್ತು ನೆತ್ತಿಗೇರಿದರೂ ಎರಡು ತಿಂಗಳ ಕೂಸು ಒಮ್ಮೆಯೂ ಅತ್ತಿರಲಿಲ್ಲ.

ಅಳುವುದಾದರೂ ಹೇಗೆ? ಯುದ್ಧದ ಕಾಲ, ಶೇಂಗಾಕ್ಕೆ ಬಂಗಾರದ ಬೆಲೆ. ತಾಯಂದಿರು ಹಾಲೂಡಿಸಲು ಎದ್ದರೆ ಕಸ ತೆಗೆಯುವ ಕೆಲಸ ನಿಲ್ಲುತ್ತದೆಂದು ಹೊಲದೊಡೆಯ ಶಿವರಾಯಗೌಡ ದೊಡ್ಡ ಮನಸ್ಸು ಮಾಡಿದ್ದ: ದಿನಾ ಬೆಳಿಗ್ಗೆ ಕೂಸಿಗೆ ಸಾಸಿವೆಯಷ್ಟು ಅಫೀಮು. ಮುಕಾದಮ ಅದನ್ನು ಪ್ರಸಾದದಂತೆ ಹಂಚುತ್ತಿದ್ದ. ಮರಕ್ಕೆ ಕಟ್ಟಿದ ಒಂಬತ್ತು ಜೋಳಿಗೆಗಳಲ್ಲಿ ಒಂಬತ್ತು ಕೂಸುಗಳು ಸಂಜೆಯವರೆಗೆ ಶಿವಯೋಗಿಗಳಂತೆ ಬಿದ್ದಿರುತ್ತಿದ್ದವು. ನಮ್ಮ ಹೊಲದಲ್ಲಿ ಕೂಸುಗಳಿಗೂ ಶಿಸ್ತಿದೆಯೆಂದು ಗೌಡ ನೆಂಟರೆದುರು ಮೀಸೆ ತಿರುವುತ್ತಿದ್ದ.

ಪಕ್ಕದ ಸಾಲಿನ ನಿಂಬೆವ್ವ ಅದೇ ಮರದ ಕೆಳಗೆ ಎರಡು ಕೂಸು ಕಳೆದುಕೊಂಡವಳು. ಗಂಗುಬಾಯಿಯ ಕೂಸು ಮುಂಜಾನೆಯಿಂದ ಕುಡಿದಿಲ್ಲವೆಂದು ಕೇಳಿದ್ದೇ ಕಸ ಕೀಳುವ ಕುರ್ಪಿ ಎಸೆದು ಅವಳ ರಟ್ಟೆ ಹಿಡಿದೆದ್ದಳು. ಸಾಲನ್ನು ತಾನು ನೋಡಿಕೊಳ್ಳುತ್ತೇನೆಂದು ಗೌಸಿಯಾಬೇಗಂ ಹಿಂದಿನಿಂದ ಕಣ್ಸನ್ನೆ ಮಾಡಿದಳು.

ಕೂಸಿನ ಕುತ್ತಿಗೆ ಒದ್ದೆ ಅರಿವೆಯಂತೆ ಜೋತುಬಿತ್ತು. ನಿಂಬೆವ್ವ ಸೆರಗು ತೋಯಿಸಿ ಅಂಗಾಲು ತಿಕ್ಕಿದಳು.

"ಬಾಯಾಗ ಮೊಲಿ ತುರಕಬ್ಯಾಡವ್ವ, ನೆತ್ತಿಗಿ ಹತ್ತತದ. ಹಿಂಡಿ ತುಟಿಗಿ ಒಂದೊಂದೇ ಹನಿ ಹಚ್ಚು. ನುಂಗೂತನ ತಡಿ."

ಮೊದಲ ಹನಿ ಗದ್ದಕ್ಕಿಳಿಯಿತು. ಎರಡನೆಯದೂ. ಮೂರಕ್ಕೆ ಗಂಟಲು ಒಮ್ಮೆ ಮಿಸುಕಿತು. ಕಣ್ಣು ತೆರೆಯಲಿಲ್ಲ.

ಬೆತ್ತ ಹಿಡಿದು ಬಂದ ಕಲ್ಯಾಣಪ್ಪ ಬಗ್ಗಿ ನೋಡಿದ. "ಉಸುರ ಅದಲ್ಲ? ನಡಿರಿ ಸಾಲಿಗಿ."

"ನಿಮ್ಮ ಸೊಸಿನೂ ಬಾಣಂತಿ ಅದಾಳಲ್ರಿ," ಎಂದಳು ನಿಂಬೆವ್ವ. "ಮೊಮ್ಮಗಗ ಈ ಅಫೀಮು ದಿನಾ ಎಷ್ಟು ಹಾಕ್ತೀರಿ?"

"ಅದು ಮನಿತನದ ಕೂಸಬೇ. ನಿಮ್ಮವೇನು, ನಾಳಿ ಕುರ್ಪಿ ಹಿಡಿಯಾವು."

ನಿಂಬೆವ್ವ ಎದ್ದಳು. ಎರಡನೆಯ ಜೋಳಿಗೆಗೆ ಹೋಗಿ ಕೂಸಿನ ಅಂಗಾಲು ಚಿವುಟಿದಳು. ಅದು ಕಿಟಾರನೆ ಕಿರುಚಿತು. ಮೂರನೆಯದನ್ನು ಚಿವುಟಿದಳು, ನಾಲ್ಕನೆಯದನ್ನು ತಣ್ಣೀರು ಚಿಮುಕಿಸಿ ಎಬ್ಬಿಸಿದಳು. ಕಲ್ಯಾಣಪ್ಪ ಬೆತ್ತ ಎತ್ತುವುದರೊಳಗೆ ಮರಕ್ಕೆ ಮರವೇ ಅಳತೊಡಗಿತು. ಶೇಂಗಾ ಸಾಲುಗಳಲ್ಲಿ ಕುಪ್ಪಸಗಳು ಒದ್ದೆಯಾದವು, ಕುರ್ಪಿಗಳು ಬಿದ್ದವು. ಎಂಟೂ ತಾಯಂದಿರು ಓಡಿಬಂದು, ಅವನೆದುರಿಗೇ ಕುಪ್ಪಸ ಬಿಚ್ಚಿ ಕೂತರು. ಮರ್ಯಾದಸ್ಥ ಮುಕಾದಮ ಮುಖ ತಿರುಗಿಸಿ ಖಾಲಿ ಹೊಲ ನೋಡುತ್ತ ನಿಂತ.

ಗಂಗುಬಾಯಿ ಇನ್ನೊಂದು ಹನಿ ಹಿಂಡಿದಳು.